ಚೌಳಿನಲ್ಲಿ ಮೂರು ಕೂಗು

ನಾನು ಗೂಢಚಾರನೆಂದು ಸಿಕ್ಕಿಬಿದ್ದದ್ದು ಅರವತ್ತೈದನೇ ಇಸವಿ ಸೆಪ್ಟೆಂಬರ್ ಹನ್ನೊಂದು, ಶನಿವಾರ ಸಾಯಂಕಾಲ. ಹಿಡಿದವರು ಕೆಂಚಾರ್ಲಹಳ್ಳಿಯ ನಾಲ್ಕು ಜನ ರೈತರು. ಕೆರೆಯ ಹಿಂದಿನ ಚೌಳಿನಲ್ಲಿ ದುರ್ಬೀನು ಹಿಡಿದುಕೊಂಡು ಒಬ್ಬನೇ ನಿಂತು ಅಳುತ್ತಿದ್ದದ್ದು ನನ್ನ ಅಪರಾಧ. ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ದಿನಗಳು ಅವು. ಶತ್ರುಗಳಿಗೆ ಕೆಂಚಾರ್ಲಹಳ್ಳಿಯ ಹಿಪ್ಪುನೇರಳೆ ತೋಟದಿಂದ ಏನಾಗಬೇಕಿತ್ತೋ ನನಗೆ ತಿಳಿಯದು, ಆದರೆ ರೇಡಿಯೋದಲ್ಲಿ ಎಚ್ಚರಿಕೆ ಹೇಳಿದ್ದರು, ಅವರು ಎಚ್ಚರವಾಗಿದ್ದರು. ಅವರನ್ನು ನಾನು ದೂರುವುದಿಲ್ಲ. ನಲವತ್ತು ವರ್ಷದ ಗಂಡಸು ಕೆರೆ ಅಂಗಳದಲ್ಲಿ ನಿಂತು ಒಂದು ಹಕ್ಕಿಯನ್ನು ನೋಡಿಕೊಂಡು ಗಳಗಳ ಅಳುತ್ತಿದ್ದರೆ ನಾನೂ ಅನುಮಾನಪಡುತ್ತಿದ್ದೆ.

ನನ್ನ ಹೆಸರು ಬಯ್ಯಪ್ಪ. ಮಿಡ್ಲ್ ಸ್ಕೂಲ್ ಮೇಷ್ಟ್ರು. ಹದಿನಾಲ್ಕು ವರ್ಷ ಗೌರಿಬಿದನೂರಿನಲ್ಲಿದ್ದು ಆ ಜೂನ್ ತಿಂಗಳಲ್ಲಿ ಚಿಂತಾಮಣಿಗೆ ವರ್ಗವಾಗಿ ಬಂದಿದ್ದೆ. ಕೆಂಚಾರ್ಲಹಳ್ಳಿಯಲ್ಲಿ ನನ್ನ ಒಡಹುಟ್ಟಿದ ಅಕ್ಕ ಓಬಳಮ್ಮನ ಮನೆಯಿದೆ. ನನಗೆ ಅದು ಅತ್ತೆಯ ಮನೆಯೂ ಹೌದು. ನಮ್ಮ ಕಡೆಯ ವಾಡಿಕೆಯಂತೆ ಅಕ್ಕನ ಮಗಳು ಶ್ಯಾಮಲಳನ್ನೇ ನಾನು ಮದುವೆಯಾಗಿದ್ದೆ. ಶ್ಯಾಮಲ ಚೊಚ್ಚಲ ಹೆರಿಗೆಗೆಂದು ತೌರಿಗೆ ಹೋಗಿ ಅಲ್ಲೇ ತೀರಿಕೊಂಡು ಆ ದಿನಕ್ಕೆ ಸರಿಯಾಗಿ ಎಂಟು ವರ್ಷ. ಅವಳ ತಿಥಿಕರ್ಮ ಮುಗಿಸಿ ಬಂದ ಮೇಲೆ ನಾನು ಆ ಊರಿಗೆ ಕಾಲಿಟ್ಟಿರಲಿಲ್ಲ. ಹಕ್ಕಿಗಳನ್ನೂ ನೋಡಿರಲಿಲ್ಲ.

ಹಕ್ಕಿ ನೋಡುವ ಹುಚ್ಚು ಮೊದಲು ನನ್ನದೇ. ಬೆಂಗಳೂರಿನಲ್ಲಿ ದಂಡಿನವರು ಹಳೆಯ ಸಾಮಾನು ಮಾರುವಾಗ ಒಂದು ದುರ್ಬೀನು ಕೊಂಡಿದ್ದೆ, ಇಂಗ್ಲಿಷಿನ ಒಂದು ಪುಸ್ತಕವೂ ಇತ್ತು. ಮದುವೆಯಾದ ಹೊಸದರಲ್ಲಿ ಶ್ಯಾಮಲ ನನ್ನನ್ನು ನೋಡಿ ನಗುತ್ತಿದ್ದಳು. ಆರು ತಿಂಗಳು ಕಳೆಯುವುದರೊಳಗೆ ದುರ್ಬೀನು ನನ್ನ ಕೈಗೆ ಸಿಗುವುದೇ ಕಷ್ಟವಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಅದು ಬೇಕಾಗಿಯೂ ಇರಲಿಲ್ಲ. ನಾನು ಪುಸ್ತಕದ ಹಾಳೆ ಮಗುಚುತ್ತಾ ಕೂತಿರುವಷ್ಟರಲ್ಲಿ ಅವಳು, "ಮಾಮ, ನಿನ್ನೆ ಬಂದಿದ್ದು ಇದಲ್ಲ, ಇದರ ಬೆನ್ನು ಬೆಳ್ಳಗೈತೆ ನೋಡು," ಎನ್ನುತ್ತಿದ್ದಳು. ನೋಡಿದರೆ ಬೆಳ್ಳಗೇ ಇರುತ್ತಿತ್ತು. ಮದುವೆಯಾದರೂ ಅವಳು ನನ್ನನ್ನು ಮಾಮ ಎಂದೇ ಕರೆಯುತ್ತಿದ್ದಳು. ಹುಟ್ಟಿದಾಗಿನಿಂದ ಎತ್ತಿ ಆಡಿಸಿದ ಮಾಮನನ್ನು ಇನ್ನೇನೆಂದು ಕರೆದಾಳು?

ದಸರಾ ರಜ ಬಂತೆಂದರೆ ಇಬ್ಬರೂ ಕೆಂಚಾರ್ಲಹಳ್ಳಿಗೆ ಹೊರಡುತ್ತಿದ್ದೆವು. ಅಕ್ಕನ ಮನೆ ಊರಿನ ಕೊನೆಯದು. ಹಿತ್ತಲ ಗೋಡೆ ದಾಟಿದರೆ ಇಳಿಜಾರು, ಇಳಿಜಾರಿನ ಕೆಳಗೆ ಚೌಳು. ಕೆರೆಯ ನೀರು ಹಿಂದಕ್ಕೆ ಸರಿದಂತೆ ಅಲ್ಲಿ ನೆಲ ಬಿರಿದು ಬೆಳ್ಳಗೆ ಉಪ್ಪು ಹೂಬಿಡುತ್ತದೆ. ಅಗಸರು ಬಟ್ಟೆಗೆಂದು ಆ ಮಣ್ಣನ್ನು ಕೆರೆದು ಒಯ್ಯುತ್ತಾರೆ, ದನಗಳು ನೆಕ್ಕುತ್ತವೆ. ಬೆಳೆ ಏನೂ ಬಾರದ ಆ ಕೆಟ್ಟ ನೆಲದ ಮೇಲೆ, ಗೇಣುದ್ದ ನೀರಿನಲ್ಲಿ, ಎಲ್ಲೆಲ್ಲಿಂದಲೋ ಬಂದ ಹಕ್ಕಿಗಳು ಹುಳ ಹೆಕ್ಕುತ್ತವೆ. ಕೋಲಿನಂಥ ಕೆಂಪು ಕಾಲಿನವು, ಬಾಲ ಕುಣಿಸುವವು, ಕೊಕ್ಕು ಮೇಲಕ್ಕೆ ಬಾಗಿದವು. ಅವುಗಳಲ್ಲಿ ಒಂದನ್ನು ಶ್ಯಾಮಲ ಮೂರು ಕೂಗಿನ ಹಕ್ಕಿ ಎನ್ನುತ್ತಿದ್ದಳು. ಬೂದು ಮೈ, ಬಿಳಿ ಬೆನ್ನು, ಹಸಿರು ಕಾಲು. ಯಾರೇ ಹತ್ತಿರ ಬಂದರೂ ಒಂದೇ ಸಮನಾದ ಮೂರು ಕೂಗು ಕೂಗಿ ಹಾರಿಬಿಡುತ್ತದೆ.

ಆ ಕೂಗನ್ನು ಅವಳು ಕಲಿತುಬಿಟ್ಟಳು. ತುಟಿ ಮುಂದೆ ಮಾಡಿ ಮೂರು ಸಲ ಸಿಳ್ಳೆ ಹಾಕಿದರೆ ನೀರಿನ ಆಚೆಯಿಂದ ನಿಜವಾದ ಹಕ್ಕಿ ತಿರುಗಿ ಉತ್ತರ ಕೊಡುತ್ತಿತ್ತು. ಚೌಳಿನಲ್ಲಿ ನಾವು ಬೇರೆ ಬೇರೆ ಕಡೆ ಕೂತಿರುವಾಗ ಬಾಯಿಬಿಟ್ಟು ಕರೆದರೆ ಎಲ್ಲ ಹಕ್ಕಿಗಳೂ ಎದ್ದುಹೋಗುತ್ತವೆಂದು ಅವಳು ನನ್ನನ್ನು ಕರೆಯುತ್ತಿದ್ದದ್ದೂ ಹಾಗೆಯೇ. ಅಕ್ಕ ಇದನ್ನು ಕೇಳಿ ಹಣೆ ಚಚ್ಚಿಕೊಂಡಿದ್ದಳು. "ಹೆಣ್ಣು ಸಿಳ್ಳೆ ಹಾಕಿದ್ರೆ ಮನೆಗೆ ದರಿದ್ರ ಕಣೇ. ಇವನೊಬ್ಬ ಕೆಟ್ಟಿದ್ದು ಸಾಲ್ದು ಅಂತ ನಿನ್ನೂ ಕೆಡಿಸವ್ನೆ," ಎಂದು ಇಬ್ಬರಿಗೂ ಸೇರಿಸಿ ಬೈದಿದ್ದಳು. ಬೈದವಳೇ ಒಬ್ಬಟ್ಟು ಮಾಡಿ ಚೌಳಿಗೇ ಕಳಿಸಿದ್ದಳು.

ಐವತ್ತೇಳನೇ ಇಸವಿಯಲ್ಲಿ ಶ್ಯಾಮಲ ಬಸುರಿ. ಆಗಸ್ಟಿನಲ್ಲಿ ಅವಳನ್ನು ತೌರಿಗೆ ಬಿಟ್ಟು ಬಂದೆ. ಹೆರಿಗೆಗೆ ಇನ್ನೂ ಹದಿನೈದು ದಿನವಿದೆ ಎನ್ನುವಾಗ ಮನಸ್ಸು ತಡೆಯದೆ ಒಂದು ದಿನ ರಜ ಹಾಕಿ ನೋಡಲು ಹೋದೆ. ಅದು ಸೆಪ್ಟೆಂಬರ್ ಹನ್ನೊಂದು, ಬುಧವಾರ. ಬಸ್ಸಿಳಿದು ಮನೆಗೆ ಬಂದಾಗ ನಾಲ್ಕು ಗಂಟೆ. ಅಕ್ಕ ಬಾಗಿಲಿನ ಎರಡೂ ಕಡೆ ಕೈಯಿಟ್ಟು ಅಡ್ಡ ನಿಂತಿದ್ದಳು.

"ಒಳಕ್ಕೆ ಬರಬೇಡ್ವೋ. ಹುಳ ಹಣ್ಣಾಗವೆ. ಚಂದ್ರಂಕಿಗೆ ಬಿಡ್ತಾವ್ರೆ," ಎಂದಳು.

ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟುವ ದಿನ, ಅದನ್ನು ಬಿದಿರಿನ ಚಂದ್ರಂಕಿಯ ಮೇಲೆ ಆರಿಸಿ ಬಿಡುವ ಹೊತ್ತಿನಲ್ಲಿ, ಹೊರಗಿನ ಊರಿಂದ ಬಂದವರು ಹೊಸಲು ದಾಟಬಾರದು. ಎಲ್ಲೆಲ್ಲಿ ಏನು ಮುಟ್ಟಿರುತ್ತಾರೋ, ಯಾವ ಸೂತಕ ತುಳಿದು ಬಂದಿರುತ್ತಾರೋ. ಮನೆಯ ಮಗನೇ ಆದರೂ ಅಷ್ಟೇ. ಒಂದು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಹಾಳಾಗುತ್ತದೆ ಎಂಬ ಭಯ. ಆದರೂ ಮೇಷ್ಟ್ರಲ್ಲವೇ, ಸುಮ್ಮನಿರಲಿಲ್ಲ. "ಅದೆಲ್ಲ ಮೂಢನಂಬಿಕೆ ಅಕ್ಕ," ಎಂದೆ.

"ನಿನ್ನ ಓದು ಹುಳಕ್ಕೆ ಗೊತ್ತೇನೋ? ಅವಳು ಮಲಗವ್ಳೆ, ಚೆನ್ನಾಗವ್ಳೆ. ಹೋಗು, ನಿನ್ನ ಹಕ್ಕಿ ನೋಡ್ಕೊಂಡು ಕತ್ಲಾದ್ ಮೇಲೆ ಬಾ. ಪಡಸಾಲೇಲಿ ಹಾಸಿ ಕೊಡ್ತೀನಿ."

ನಾನು ಹಟ ಮಾಡಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೆ ಒಳಗೊಳಗೆ ಖುಷಿಯೇ ಆಯಿತು. ಚೀಲದಲ್ಲಿ ದುರ್ಬೀನಿತ್ತು. ಕತ್ತಲಾಗಲು ಎರಡು ಗಂಟೆಯಿತ್ತು. ಹಿತ್ತಲ ಗೋಡೆ ಬಳಸಿಕೊಂಡು ಇಳಿಜಾರಿಗೆ ಬಂದೆ. ಆಗ ಕೇಳಿತು. ಮೂರು ಕೂಗು, ಒಂದೇ ಸಮ. ಒಂದು ಸಲ ಮಾತ್ರ.

ಹಿಂದಿನಿಂದ ಬಂತೋ ಮುಂದಿನಿಂದ ಬಂತೋ ಆಗ ನಾನು ಯೋಚಿಸಲೇ ಇಲ್ಲ. ಹಕ್ಕಿ ಈ ಸಲ ಬೇಗ ಬಂದುಬಿಟ್ಟಿದೆ, ಶ್ಯಾಮಲಳಿಗೆ ಹೇಳಬೇಕು ಎಂದುಕೊಂಡೆ. ನಿಂತಲ್ಲೇ ನೋಟ್ ಪುಸ್ತಕ ತೆಗೆದು ತಾರೀಖು ಬರೆದೆ. ನಾಲ್ಕು ಗಂಟೆ ಹತ್ತು ನಿಮಿಷ, ಮೂರು ಕೂಗಿನ ಹಕ್ಕಿ, ಮೊದಲ ಕೂಗು. ಚೌಳಿನಲ್ಲಿ ಕತ್ತಲಾಗುವವರೆಗೂ ಹುಡುಕಿದೆ. ಹಕ್ಕಿ ಕಾಣಲಿಲ್ಲ. ವಾಪಸ್ಸು ಬಂದಾಗ ಮನೆ ಮುಂದೆ ಜನ ಸೇರಿದ್ದರು.

ದೀಪ ಹಚ್ಚುವ ಹೊತ್ತಿಗೆ ಇದ್ದಕ್ಕಿದ್ದಂತೆ ನೋವು ಬಂತು, ಸೂಲಗಿತ್ತಿಯನ್ನು ಕರೆಯುವಷ್ಟರಲ್ಲಿ ತಾಯಿ ಮಗು ಎರಡೂ ಹೋದವು ಎಂದು ಅಕ್ಕ ಹೇಳಿದಳು. ನಾನು ನಂಬಿದೆ. ನಂಬಿಕೆ ಮುರಿದದ್ದು ಹದಿಮೂರನೆಯ ದಿನ. ಬೇರೆ ಏನೂ ಮಾಡಲು ತೋಚದೆ ನೋಟ್ ಪುಸ್ತಕ ತಿರುವುತ್ತಿದ್ದೆ. ಐವತ್ನಾಲ್ಕರಲ್ಲಿ ಮೂರು ಕೂಗಿನ ಹಕ್ಕಿಯ ಮೊದಲ ಕೂಗು ಅಕ್ಟೋಬರ್ ಮೂರು. ಐವತ್ತೈದರಲ್ಲಿ ಅಕ್ಟೋಬರ್ ಇಪ್ಪತ್ತು. ಐವತ್ತಾರರಲ್ಲಿ ಅಕ್ಟೋಬರ್ ಎಂಟು. ಈ ಸಲ ಸೆಪ್ಟೆಂಬರ್ ಹನ್ನೊಂದು. ಹಕ್ಕಿಯನ್ನಂತೂ ನಾನು ಕಂಡಿರಲಿಲ್ಲ. ಆ ಕೂಗು ಕೂಗಬಲ್ಲ ಇನ್ನೊಂದು ಜೀವ ಆ ಹಿತ್ತಲ ಗೋಡೆಯ ಒಳಗಿತ್ತು.

ಅಂದರೆ ನೋವು ನಾಲ್ಕು ಗಂಟೆಗೇ ಬಂದಿತ್ತೇ? ಬಾಗಿಲಲ್ಲಿ ನನ್ನ ದನಿ ಕೇಳಿ ಅವಳು ನನ್ನನ್ನು ಕರೆದಳೇ? ನಾನು ಅದನ್ನು ಹಕ್ಕಿಯ ಲೆಕ್ಕಕ್ಕೆ ಬರೆದುಕೊಂಡು, ಸಂತೋಷವಾಗಿ, ಬೆನ್ನು ತಿರುಗಿಸಿ ನಡೆದೆನೇ? ಎಂಟು ವರ್ಷ ಈ ಪ್ರಶ್ನೆ ನನ್ನ ಜೊತೆ ಎದ್ದಿತು, ನನ್ನ ಜೊತೆ ಮಲಗಿತು. ದುರ್ಬೀನನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮತ್ತೆ ಮದುವೆಯಾಗು ಎಂದವರ ಮೇಲೆ ರೇಗಿ ಬಿದ್ದೆ. ಮಕ್ಕಳಿಗೆ ವಿನಾಕಾರಣ ಹೊಡೆಯುವ ಮೇಷ್ಟ್ರೆಂದು ಹೆಸರಾಯಿತು. ಅಕ್ಕನನ್ನು ಕೇಳಬಹುದಿತ್ತು. ಕೇಳಿದರೆ ಹೌದು ಎಂದುಬಿಟ್ಟರೆ ಎಂಬ ಹೆದರಿಕೆ. ಕಾಗದಕ್ಕೆ ಉತ್ತರ ಬರೆಯುವುದನ್ನೂ ನಿಲ್ಲಿಸಿದೆ.

ಚಿಂತಾಮಣಿಯ ಸ್ಕೂಲಿನಲ್ಲಿ ಉರ್ದು ಹೇಳಿಕೊಡುತ್ತಿದ್ದ ಅಬ್ದುಲ್ ಸತ್ತಾರ್ ಸಾಹೇಬರು ಒಳ್ಳೆಯ ಮಾತುಗಾರರು. ಒಂದು ಮಧ್ಯಾಹ್ನ ಹಿಂದೆ ನನಗೆ ಹಕ್ಕಿಯ ಹುಚ್ಚಿತ್ತೆಂದು ಬಾಯಿ ಜಾರಿತು. ಹೆಂಡತಿಯ ವಿಷಯ ಎತ್ತಲಿಲ್ಲ. ಮೂರು ಕೂಗಿನ ಹಕ್ಕಿ ಮಾತ್ರ ಅಕ್ಟೋಬರಿಗೆ ಮುಂಚೆ ನಮ್ಮ ಕಡೆ ಬರುವುದೇ ಇಲ್ಲ, ಮೂರು ವರ್ಷ ಬರೆದಿಟ್ಟಿದ್ದೇನೆ ಎಂದೆ.

ಸತ್ತಾರ್ ಸಾಹೇಬರು ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ ಕೇಳಿದರು, "ನೀವು ಅಲ್ಲಿಗೆ ಯಾವಾಗ ಹೋಗ್ತಿದ್ರಿ ಮೇಷ್ಟ್ರೆ?"

"ದಸರಾ ರಜಕ್ಕೆ."

"ದಸರಾ ಬರೋದೇ ಅಕ್ಟೋಬರಲ್ಲಿ. ನೀವು ಹೋದ ದಿನ ನಿಮಗೆ ಕಾಣ್ಸ್ತು, ಅದು ಬಂದಿದ್ದು ಯಾವತ್ತೋ. ಹಕ್ಕಿಗೆ ರಜದ ಪಟ್ಟಿ ಯಾರು ಕಳಿಸ್ತಾರೆ?"

ಸುತ್ತ ಕೂತಿದ್ದ ಮೇಷ್ಟ್ರುಗಳು ನಕ್ಕರು. ನಾನು ನಗಲಿಲ್ಲ. ಎಂಟು ವರ್ಷದಲ್ಲಿ ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆದಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಹೊಳೆಯುವುದಾದರೂ ಹೇಗೆ? ಸೆಪ್ಟೆಂಬರಿನಲ್ಲಿ ಆ ಚೌಳಿಗೆ ನಾವು ಹೋದದ್ದೇ ಇಲ್ಲ. ಹನ್ನೊಂದನೇ ತಾರೀಖಿಗೆ ಹಕ್ಕಿ ಅಲ್ಲಿ ಇರುವುದಾದರೆ, ಅಂದು ಕೂಗಿದ್ದೂ ಹಕ್ಕಿಯೇ ಆಗಿರಬಹುದು. ಇಲ್ಲವಾದರೆ ಅದು ಶ್ಯಾಮಲ. ಟ್ರಂಕಿನಿಂದ ದುರ್ಬೀನು ತೆಗೆದು ಗಾಜು ಒರೆಸಿದೆ.

ಹನ್ನೊಂದನೇ ತಾರೀಖು ಮೊದಲ ಬಸ್ಸಿಗೆ ಹೋದೆ. ಅಕ್ಕನ ಮನೆಯ ಕಡೆ ತಿರುಗಿಯೂ ನೋಡದೆ ಕಟ್ಟೆಯ ಮೇಲಿಂದ ಬಳಸಿ ಚೌಳಿಗೆ ಇಳಿದೆ. ಅಭ್ಯಾಸ ತಪ್ಪಿದರೆ ಕಣ್ಣಿಗೂ ತುಕ್ಕು ಹಿಡಿಯುತ್ತದೆ. ದೂರದ ಹೆಂಟೆಗಳೆಲ್ಲ ಹಕ್ಕಿಯಾಗಿ ಕಂಡವು, ಹಕ್ಕಿಗಳು ಹೆಂಟೆಯಾಗಿ ಕಂಡವು. ಕೆಂಪು ಕಾಲಿನವು ಹನ್ನೆರಡೋ ಹದಿಮೂರೋ ಇದ್ದವು. ಎರಡು ಟಿಟ್ಟಿಭ ನನ್ನ ತಲೆಯ ಮೇಲೆ ಸುತ್ತು ಹೊಡೆದು ಬಾಯಿಗೆ ಬಂದಂತೆ ಬೈದು ಹೋದವು. ಸಣ್ಣವನ್ನು ನೋಡುವಾಗ ನನಗೆ ಒಂದೂ ಗುರುತು ಹತ್ತದೆ, ಪಕ್ಕಕ್ಕೆ ತಿರುಗಿ, "ಇದ್ಯಾವುದೇ?" ಎಂದುಬಿಟ್ಟೆ. ಪಕ್ಕದಲ್ಲಿ ಉಪ್ಪು ಬಿಟ್ಟ ನೆಲವಿತ್ತು. ಆಮೇಲೆ ಸ್ವಲ್ಪ ಹೊತ್ತು ದುರ್ಬೀನು ಎತ್ತಲಾಗಲಿಲ್ಲ.

ಮಧ್ಯಾಹ್ನ ಹನ್ನೆರಡಾಯಿತು, ಎರಡಾಯಿತು. ಬಿಸಿಲಿಗೆ ನೀರು ಕಣ್ಣು ಚುಚ್ಚುತ್ತಿತ್ತು. ಬುತ್ತಿ ಬಿಚ್ಚಲಿಲ್ಲ. ದೇವರೇ ಒಂದು ಹಕ್ಕಿ ಕಳಿಸು, ಒಂದೇ ಒಂದು ಸಾಕು ಎಂದು ಬೇಡಿಕೊಂಡೆ. ಮೂಢನಂಬಿಕೆ ಎಂದು ಮಕ್ಕಳಿಗೆ ಪಾಠ ಹೇಳುವ ನಾನು ನಮ್ಮ ಮನೆದೇವರಿಗೆ ಮುಡಿ ಕೊಡುತ್ತೇನೆಂದು ಹರಕೆಯನ್ನೂ ಹೊತ್ತೆ.

ನಾಲ್ಕಕ್ಕೆ ಇನ್ನೂ ಸ್ವಲ್ಪ ಇದೆ ಎನ್ನುವಾಗ ನೀರಿನ ಆಚೆ ಅಂಚಿನಿಂದ ಮೂರು ಕೂಗು ಕೇಳಿತು. ದುರ್ಬೀನು ತಿರುಗಿಸಿದೆ. ಬೂದು ಮೈ, ಹಸಿರು ಕಾಲು. ರೆಕ್ಕೆ ಬಿಚ್ಚಿದಾಗ ಬಿಳಿ ಬೆನ್ನು. ಒಂದಲ್ಲ, ಮೂರಿದ್ದವು. ಇನ್ನೊಂದು ಸಲ ಕೂಗಿದವು. ಹಕ್ಕಿ, ಅದು ಹಕ್ಕಿ, ಅವಳು ಕರೆದದ್ದಲ್ಲ ಎಂದು ಗಟ್ಟಿಯಾಗಿ ಹೇಳಿಕೊಂಡು ಅತ್ತೆ. ಎಂಟು ವರ್ಷದಲ್ಲಿ ಮೊದಲ ಸಲ ಅತ್ತದ್ದು. ಬೆನ್ನ ಮೇಲೆ ಕೈ ಬಿದ್ದದ್ದು ಆಗಲೇ.

"ಎವರು ನುವ್ವು? ಯಾವೂರು?" ಎಂದ ಒಬ್ಬ, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ. ಇನ್ನೊಬ್ಬ ದುರ್ಬೀನು ಕಿತ್ತುಕೊಂಡ. ಮೂರನೆಯವನು ನನ್ನ ನೋಟ್ ಪುಸ್ತಕ ತೆರೆದು ತಾರೀಖು, ಗಂಟೆ, ಸಂಖ್ಯೆಗಳನ್ನು ಕಂಡು ಎಲ್ಲರಿಗೂ ತೋರಿಸಿದ. ಇನ್ನು ಸಾಕ್ಷಿ ಬೇಕೇ? ಹಕ್ಕಿ ನೋಡುತ್ತಿದ್ದೆ ಎಂದೆ. ಅದನ್ನು ಅವರು ಅವಮಾನವೆಂದೇ ತಿಳಿದರು. ಕೊನೆಗೆ ಬೇರೆ ದಾರಿಯಿಲ್ಲದೆ, "ನಾನು ಓಬಳಮ್ಮನ ತಮ್ಮ," ಎಂದೆ. ನಾಲ್ವರೂ ಸೇರಿ ನನ್ನನ್ನು ಇಳಿಜಾರು ಹತ್ತಿಸಿ ಅಕ್ಕನ ಬಾಗಿಲಿಗೇ ತಂದು ನಿಲ್ಲಿಸಿದರು.

ಅಕ್ಕ ಮುದುಕಿಯಾಗಿದ್ದಳು. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಬಿಡ್ರೋ. ನನ್ನ ತಮ್ಮ ಕಣ್ರೋ. ನನ್ನ ಅಳಿಯ," ಎಂದಳು. ಅವರು ದುರ್ಬೀನು ನನ್ನ ಕೈಗಿಟ್ಟು, ತಪ್ಪಾಯ್ತು ಮೇಷ್ಟ್ರೆ ಎಂದು ಹೊರಟುಹೋದರು. ಅಕ್ಕ ಬಾಗಿಲಿಂದ ಪಕ್ಕಕ್ಕೆ ಸರಿದು ನಿಂತಳು. ನಾನು ಒಳಗೆ ಹೋದೆ.

ನಡುಮನೆಯಲ್ಲಿ ಹುಳುವಿನ ವಾಸನೆಯಿರಲಿಲ್ಲ. ತಟ್ಟೆಗಳಿಲ್ಲ, ಚಂದ್ರಂಕಿಗಳಿಲ್ಲ. ಕಡಲೆಕಾಯಿ ಮೂಟೆಗಳನ್ನು ಒಟ್ಟಿದ್ದಳು.

"ಹುಳ ಸಾಕೋದು ಬಿಟ್ಯೇನಕ್ಕ?" ಎಂದೆ.

"ಆವತ್ತಿನ ಬೆಳೆನೇ ಕಡೇದು," ಎಂದಳು. ನೀರು ತಂದಿಟ್ಟಳು. ಎಂಟು ವರ್ಷ ಏಕೆ ಬರಲಿಲ್ಲವೆಂದು ಕೇಳಲಿಲ್ಲ. ಬೈಯಲೂ ಇಲ್ಲ. ಅಕ್ಕ ಬೈಯದೆ ಇದ್ದದ್ದು ನನಗೆ ಸಂಕಟವಾಯಿತು. ಮನಸ್ಸು ಹಗುರಾಗಿತ್ತು, ಎಷ್ಟೋ ವರ್ಷದ ಭಾರ ಇಳಿದಿತ್ತು, ಅವಳಿಗೂ ಅದರಲ್ಲಿ ಪಾಲು ಕೊಡೋಣವೆನ್ನಿಸಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಕೆಟ್ಟ ಮೇಲೂ ಬುದ್ಧಿ ಬಂದಿರಲಿಲ್ಲ. ಎಲ್ಲವನ್ನೂ ಹೇಳಿದೆ.

"ಆವತ್ತು ನೀನು ಬಾಗಿಲಲ್ಲಿ ಕಳಿಸಿದ ಮೇಲೆ ಗೋಡೆ ಹಿಂದೆ ಹೋಗ್ತಿದ್ದೆ. ಒಂದು ಸಿಳ್ಳೆ ಕೇಳ್ಸ್ತು. ಅವಳು ಕರೀತಿದ್ಲಲ್ಲ, ಅದೇ ಥರ. ಹಕ್ಕಿ ಅಂದ್ಕೊಂಡು ಹೊರಟುಹೋದೆ. ಆಮೇಲಿಂದ ಅದು ಅವಳೇ ಇರಬೇಕು, ನನ್ನ ಕರೆದಿರಬೇಕು ಅಂತ ಸತ್ತು ಸತ್ತು ಬದುಕಿದೀನಿ ಅಕ್ಕ. ಇವತ್ತು ನೋಡ್ದೆ. ಈ ದಿನಕ್ಕೆ ಹಕ್ಕಿ ಬಂದಿರ್ತವೆ. ಅದು ಹಕ್ಕೀನೇ ಅಂತ ಕಾಣುತ್ತೆ."

ಅಕ್ಕ ನೆಲ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ಕಂಬಕ್ಕೆ ಒರಗಿ ಮೆಲ್ಲಗೆ ಕೂತಳು.

"ಹಕ್ಕೀನೇ ಕಣೋ," ಎಂದಳು. "ಅವಳು ಸಿಳ್ಳೆ ಹಾಕೋಕಾಗ್ತಿರಲಿಲ್ಲ."

ನಾನು ನೀರಿನ ಲೋಟ ಕೆಳಗಿಟ್ಟೆ.

"ಮಧ್ಯಾಹ್ನವೇ ನೋವು ಬಂದಿತ್ತು. ನಡುಮನೆ ತುಂಬ ಹುಳ. ಊರ ಹೆಂಗಸ್ರು ಐದು ಜನ ಆರಿಸ್ತಿದ್ರು. ಮನೇಲಿ ಹೆರಿಗೆ ಅಂತ ಗೊತ್ತಾದ್ರೆ ಸೂತಕ ಅಂತ ಎದ್ದೋಗೋರು. ಹುಳ ಎಲ್ಲ ತಟ್ಟೇಲೇ ಕೊಳೀತಿದ್ವು. ಚೊಚ್ಚಲು, ಬೆಳಗಾಗೋವರ್ಗೂ ಆಗಲ್ಲ ಅಂದ್ಕೊಂಡೆ. ನಾನು ಇಬ್ಬರನ್ನ ಹೆತ್ತೋಳು, ನಂಗೆ ಗೊತ್ತಿಲ್ವಾ ಅಂದ್ಕೊಂಡೆ. ಹಿಂದಿನ ಸೌದೆ ಕೋಣೆಗೆ ಕರ್ಕೊಂಡೋಗಿ ಮಲಗಿಸಿದೆ. ಕತ್ತಲಾಗೋವರ್ಗೂ ತಡಿಯಮ್ಮ ಅಂದೆ. ಆಗ್ಲಿ ಅಮ್ಮ ಅಂದ್ಲು. ಆದ್ರೆ ನೋವು ಬಂದಾಗ ತಡೆಯೋಕಾಗ್ದೆ ನರಳ್ತಿದ್ಲು." ಅಕ್ಕ ಸೆರಗನ್ನು ಹಿಡಿದುಕೊಂಡಳು, ಮತ್ತೆ ಬಿಟ್ಟಳು. "ಅದಕ್ಕೆ ನನ್ನ ಹಳೇ ಸೀರೆ ಹರಿದು ಬಾಯಿಗೆ ತುರುಕಿದೆ. ಮೇಲೊಂದು ಕಟ್ಟಿದೆ. ನೀನು ಬಂದಾಗ ಅವಳ ಬಾಯಿ ಕಟ್ಟಿತ್ತು ಕಣೋ. ನಿನ್ನ ದನಿ ಅವಳಿಗೆ ಕೇಳ್ತು. ನಾನು ಒಳಕ್ಕೆ ಹೋದಾಗ ಬಾಗಿಲ ಕಡೇನೇ ನೋಡ್ತಿದ್ಲು."

ಹೊರಗೆ ಯಾರೋ ದನ ಅಟ್ಟಿಕೊಂಡು ಹೋದರು. ಅವರು ದಾಟಿ ಹೋದ ಮೇಲೆ ಅಕ್ಕ ಹೇಳಿದಳು, "ಆ ಸಲ ಗೂಡು ಭಾಳ ಚೆನ್ನಾಗಿ ಬಂತು. ಶಿಡ್ಲಘಟ್ಟದೋರು ಮನೆ ಬಾಗಿಲಿಗೇ ಬಂದು ತಗೊಂಡೋದ್ರು. ಅವತ್ತೇ ತಟ್ಟೆ ಎಲ್ಲ ಸುಟ್ಟಾಕಿದೆ."

ಅವಳನ್ನು ಹೊಡೆಯಬೇಕೆನ್ನಿಸಿತು. ಅಪ್ಪ ಅಮ್ಮ ಸತ್ತ ಮೇಲೆ ನನ್ನನ್ನು ಓದಿಸಿದವಳು ಇವಳು. ಈ ಹುಳುವಿನ ಬೆಳೆಯಿಂದಲೇ ಓದಿಸಿದಳು. ನನ್ನ ಒಡಲಿನಲ್ಲೂ ಆ ಗೂಡಿನ ಅನ್ನವೇ ಇತ್ತು. ಕೈ ಏಳಲಿಲ್ಲ.

ಎಂಟು ವರ್ಷ ನಾನು ಬೇಡಿಕೊಂಡದ್ದು ಒಂದೇ, ಅದು ಹಕ್ಕಿಯಾಗಿರಲಿ ಎಂದು. ಹಕ್ಕಿಯೇ ಆಗಿತ್ತು. ನಾನು ನಿರಪರಾಧಿ. ಆದರೆ ಅವಳು ಕರೆದಳು, ನನಗೆ ತಿಳಿಯಲಿಲ್ಲ ಎಂದು ಕೊರಗುತ್ತಿದ್ದಾಗ ಅವಳು ನನ್ನನ್ನು ಕರೆದದ್ದಾದರೂ ಇತ್ತು. ಸಾಯುವಾಗ ಅವಳ ಬಾಯಲ್ಲಿ ನಮ್ಮಿಬ್ಬರದೇ ಆದ ಒಂದು ಕೂಗಿತ್ತು. ಅದೂ ಈಗ ಹೋಯಿತು. ಅದು ಅವಳೇ ಆಗಿರಲಿ, ಪಾಪವೆಲ್ಲ ನನ್ನದೇ ಆಗಿರಲಿ, ಒಂದು ಸಲವಾದರೂ ಅವಳು ಕೂಗಿರಲಿ ಎಂದು ಈಗ ಬೇಡಿಕೊಂಡರೆ ಕೇಳುವವರು ಯಾರು?

"ಏನಾದ್ರೂ ಅನ್ನೋ," ಎಂದಳು ಅಕ್ಕ. "ಬೈಯೋ. ಸುಮ್ನೆ ಕೂರಬೇಡ."

ಬೈಯಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

"ಬಾಯಿಂದ ಬಟ್ಟೆ ಯಾವಾಗ ತೆಗೆದೆ ಅಕ್ಕ?"

ಅಕ್ಕ ಮುಖವನ್ನು ಕಂಬದ ಕಡೆಗೆ ತಿರುಗಿಸಿಕೊಂಡಳು.

"ಹೆಣಕ್ಕೆ ನೀರು ಹಾಕೋವಾಗ ಕಣೋ," ಎಂದಳು.